ಬೆಂಗಳೂರಿನ ವಿಶ್ವಕಪ್ ನೆರೂಲಿಗೆ ಬಂದಾಗ

ನವೆಂಬರ್ 2ರ ರಾತ್ರಿ, ಹನ್ನೆರಡರ ಹೊತ್ತು. ಡೊಂಬಿವಲಿಯ ನಮ್ಮ ಸೊಸೈಟಿಯ ಕಂಪೌಂಡಿನಲ್ಲಿ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಪ್ರೊಜೆಕ್ಟರ್ ಇಟ್ಟು ಎಪ್ಪತ್ತು ಎಂಬತ್ತು ಜನ ಕೂತಿದ್ದೆವು. ತುಳಸಿ ಮದುವೆಯ ದಿನ. ಕಟ್ಟೆಯ ಮುಂದೆ ಹಚ್ಚಿದ್ದ ಹಣತೆಗಳಲ್ಲಿ ಕೆಲವು ಇನ್ನೂ ಉರಿಯುತ್ತಿದ್ದವು. ದೀಪ್ತಿ ಶರ್ಮಾ ಎಸೆತವನ್ನು ನಡೀನ್ ಡಿ ಕ್ಲರ್ಕ್ ಎತ್ತಿ ಹೊಡೆದರು. ಹರ್ಮನ್‌ಪ್ರೀತ್ ಕೌರ್ ಹಿಂದಕ್ಕೆ ಓಡಿ ಚೆಂಡು ಹಿಡಿದರು. ದಕ್ಷಿಣ ಆಫ್ರಿಕಾ 246ಕ್ಕೆ ಆಲೌಟ್. 52 ರನ್ನುಗಳಿಂದ ಭಾರತದ ಮಹಿಳೆಯರು ಮೊದಲ ಬಾರಿಗೆ ವಿಶ್ವಕಪ್ ಗೆದ್ದಿದ್ದರು. ಪಟಾಕಿ, ಕೂಗಾಟ, ಅಪ್ಪುಗೆ. ದೀಪಾವಳಿಗೆ ಉಳಿಸಿಟ್ಟಿದ್ದ ಸುರುಸುರುಬತ್ತಿಯೆಲ್ಲ ಆ ರಾತ್ರಿಯೇ ಮುಗಿಯಿತು.

ಆ ಗದ್ದಲದಲ್ಲೇ ಬೆಂಗಳೂರಿನಿಂದ ತಮ್ಮನ ಫೋನ್. ಖುಷಿಯಿಂದಲೇ ಮಾತಾಡಿದ. ಕೊನೆಗೆ ದನಿ ತಗ್ಗಿಸಿ, ‘ಅಕ್ಕಾ, ಇದು ನಮ್ಮೂರಾಗ ಆಗೋದಿತ್ತ ನೋಡು’ ಎಂದ.

ನಾನು ಧಾರವಾಡದವಳು. ಇಪ್ಪತ್ತೊಂದು ವರ್ಷದಿಂದ ಡೊಂಬಿವಲಿಯಲ್ಲಿದ್ದೇನೆ. ಐರೋಲಿಯ ಕಂಪನಿಯೊಂದರಲ್ಲಿ ವೆಚ್ಚದ ಲೆಕ್ಕ ನೋಡುವ ಕೆಲಸ. ಯಾವುದಕ್ಕೆ ಎಷ್ಟು ಖರ್ಚಾಯಿತು, ಬಂದದ್ದೇನು ಎಂದು ಕೇಳುವುದು ವೃತ್ತಿಯ ಚಟ. ತಮ್ಮನ ಆ ಒಂದು ಮಾತು ಎರಡು ವಾರದಿಂದ ತಲೆಯಲ್ಲಿ ಕೂತಿದೆ. ಈ ವಿಶ್ವಕಪ್ಪಿನ ಲೆಕ್ಕವನ್ನು ಗೆಲುವಿನಿಂದ ಶುರು ಮಾಡಲು ನನಗೆ ಆಗುತ್ತಿಲ್ಲ. ಅದು ಶುರುವಾಗುವುದು ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ.

ಜಾಗ ಬದಲಾದದ್ದು ಹೇಗೆ

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟನೇ ಸಲಕ್ಕೆ ಐಪಿಎಲ್ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ಸಂಭ್ರಮ. ವಿಧಾನಸೌಧದಿಂದ ಚಿನ್ನಸ್ವಾಮಿವರೆಗೆ ಲಕ್ಷಗಟ್ಟಲೆ ಜನ. ಒಳಗೆ ಹೋಗಲು ಪಾಸು ಬೇಕೋ ಬೇಡವೋ ಎಂಬ ಗೊಂದಲ. ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹರೆಯದವರು. ತಮ್ಮ ಅಂದು ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ಹೊರಟಿದ್ದ. ಕಬ್ಬನ್ ಪಾರ್ಕ್ ಹತ್ತಿರವೇ ಜನ ನೋಡಿ ಹೆದರಿ ಹಿಂದಿರುಗಿದ. ಅದು ನನಗೆ ತಿಳಿದದ್ದು ಎರಡು ತಾಸಿನ ಮೇಲೆ. ಆ ಎರಡು ತಾಸು ಅವನ ಫೋನ್ ಹತ್ತಿರಲಿಲ್ಲ. ಟಿವಿಯಲ್ಲಿ ಚಪ್ಪಲಿಗಳ ರಾಶಿ ತೋರಿಸುತ್ತಿದ್ದರು. ನಾನು ಆ ರಾಶಿಯಲ್ಲಿ ಒಂದು ಜೊತೆ ಸಣ್ಣ ಬೂಟು ಹುಡುಕುತ್ತಿದ್ದೆ.

ಹನ್ನೆರಡು ದಿನದ ಮೇಲೆ, ಜೂನ್ 16ಕ್ಕೆ, ಮಹಿಳಾ ವಿಶ್ವಕಪ್ಪಿನ ವೇಳಾಪಟ್ಟಿ ಬಂತು. ಸೆಪ್ಟೆಂಬರ್ 30ರ ಉದ್ಘಾಟನಾ ಪಂದ್ಯ ಬೆಂಗಳೂರಿಗೆ. ಒಂದು ಸೆಮಿಫೈನಲ್ ಬೆಂಗಳೂರಿಗೆ. ಪಾಕಿಸ್ತಾನ ಫೈನಲ್ ತಲುಪಿದರೆ ಕೊಲಂಬೊ, ಇಲ್ಲವಾದರೆ ಫೈನಲ್ ಕೂಡ ಬೆಂಗಳೂರಿಗೇ. ಹದಿಮೂರು ವರ್ಷದ ನನ್ನ ಮಗಳು ಆಫ್‌ಸ್ಪಿನ್ ಹಾಕುತ್ತಾಳೆ. ‘ಮಾಮಾನ ಮನೆಗೆ ಹೋಗೋಣ, ಸೆಮಿಫೈನಲ್ ನೋಡೋಣ’ ಎಂದು ಅವಳು ಪಟ್ಟು ಹಿಡಿದಳು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುವುದೆಂದು ಮಾತಾಯಿತು. ರಿಸರ್ವೇಶನ್ ಅರವತ್ತು ದಿನ ಮೊದಲು ತೆರೆಯುತ್ತದೆ. ಅದಕ್ಕೆ ಇನ್ನೊಂದು ವಾರವಿರುವಾಗ, ಆಗಸ್ಟ್ 22ರಂದು, ಐಸಿಸಿ ಹೊಸ ಪಟ್ಟಿ ಹೊರಡಿಸಿತು. ಬೆಂಗಳೂರಿನ ಹೆಸರಿರಲಿಲ್ಲ. ಅದರ ಬದಲಿಗೆ ನವಿಮುಂಬೈ ಬಂದಿತ್ತು. ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ಮೂರು ಲೀಗ್ ಪಂದ್ಯ, ಒಂದು ಸೆಮಿಫೈನಲ್ ಮತ್ತು ಫೈನಲ್. ಉದ್ಘಾಟನಾ ಪಂದ್ಯ ಗುವಾಹಟಿಗೆ ಹೋಯಿತು.

ಅಂದರೆ ಈ ವಿಶ್ವಕಪ್ ನಮ್ಮ ಮನೆಬಾಗಿಲಿಗೆ ಬಂದದ್ದು ನಾವೇನೋ ಗಳಿಸಿದ್ದಕ್ಕಲ್ಲ. ನಮ್ಮದೇ ಊರಿನವರು ಕಳೆದುಕೊಂಡದ್ದಕ್ಕೆ. ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗ ಚಿನ್ನಸ್ವಾಮಿ ಕ್ರೀಡಾಂಗಣವು ಭಾರಿ ಜನಸಂದಣಿಯ ಕಾರ್ಯಕ್ರಮಗಳಿಗೆ ತಕ್ಕುದಲ್ಲವೆಂದು ವರದಿ ಕೊಟ್ಟಿತು. ಆಗಸ್ಟಿನ ಮಹಾರಾಜ ಟ್ರೋಫಿ ಕೂಡ ಬೆಂಗಳೂರು ಬಿಟ್ಟು ಮೈಸೂರಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಮಗಳು ಪಟ್ಟಿ ನೋಡಿ ಕುಣಿದಳು. ಅವಳ ವಯಸ್ಸಿಗೆ ಅದು ಸರಿ. ನಾನು ತಮ್ಮನಿಗೆ ಫೋನ್ ಮಾಡಲು ಹಿಂಜರಿದೆ.

ಭಾವುಬೀಜದ ಸಂಜೆ

ಸೆಮಿಫೈನಲ್ಲಿಗೂ ಫೈನಲ್ಲಿಗೂ ನಮಗೆ ಟಿಕೆಟ್ ದೊರೆಯಲಿಲ್ಲ. ದೊರೆತದ್ದು ಅಕ್ಟೋಬರ್ 23ರ ಭಾರತ–ನ್ಯೂಜಿಲೆಂಡ್ ಪಂದ್ಯಕ್ಕೆ. ಅಂದು ಇಲ್ಲಿಯವರ ಭಾವುಬೀಜ್. ಅಣ್ಣ ತಮ್ಮಂದಿರಿಗೆ ಆರತಿ ಎತ್ತುವ ದಿನ. ಲೋಕಲ್‌ಗಳಲ್ಲಿ ಹೊಸ ಸೀರೆ, ಸಿಹಿಯ ಡಬ್ಬಿ. ಅವರ ನಡುವೆ ನೀಲಿ ಜೆರ್ಸಿ ತೊಟ್ಟ ಹುಡುಗಿಯರು. ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಪ್ಲಾಟ್‌ಫಾರ್ಮಿಗೆ ನಡಿಗೆ, ಅಲ್ಲಿಂದ ಐರೋಲಿ, ಘನ್ಸೋಲಿ, ತುರ್ಭೆ ದಾಟಿ ನೆರೂಲ್. ಐರೋಲಿವರೆಗೆ ನನ್ನ ನಿತ್ಯದ ದಾರಿ. ಅಷ್ಟು ನಗು ತುಂಬಿದ ಮಹಿಳೆಯರ ಡಬ್ಬಿಯನ್ನು ಇಪ್ಪತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ.

ಕ್ರೀಡಾಂಗಣದ ಒಳಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ. ಸ್ಮೃತಿ ಮಂದಾನ 109, ಪ್ರತಿಕಾ ರಾವಲ್ 122. ಇಬ್ಬರ ಶತಕಕ್ಕೂ ಎದ್ದು ನಿಂತದ್ದು ಹೆಣ್ಣುಮಕ್ಕಳು ಮಾತ್ರವಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರ ಗುಂಪಿತ್ತು. ಬೆನ್ನ ಮೇಲೆ ‘ಜೆಮಿಮಾ’, ‘ಸ್ಮೃತಿ’, ‘ಹರ್ಮನ್’ ಎಂದು ಬರೆಸಿದ ಜೆರ್ಸಿ. ಹುಡುಗಿಯ ಹೆಸರನ್ನು ಬೆನ್ನ ಮೇಲೆ ಹೊತ್ತು ಹೆಮ್ಮೆಯಿಂದ ನಡೆಯುವ ಹುಡುಗರನ್ನು ನಾನು ಧಾರವಾಡದಲ್ಲಿ ಓದುವಾಗ ಊಹಿಸಲೂ ಆಗುತ್ತಿರಲಿಲ್ಲ. ಸಾಮಾಜಿಕ ಪರಿಣಾಮ ಎಂದು ದೊಡ್ಡ ಮಾತಿನಲ್ಲಿ ಹೇಳುವುದರ ಸಣ್ಣ ರೂಪ ಇದೇ ಇರಬೇಕು.

ಈ ಬದಲಾವಣೆ ಒಂದೇ ದಿನ ಬಂದದ್ದಲ್ಲ. 2022ರ ಅಕ್ಟೋಬರಿನಲ್ಲಿ ಬಿಸಿಸಿಐ ಪಂದ್ಯದ ಸಂಭಾವನೆಯನ್ನು ಗಂಡಸರಿಗೂ ಹೆಂಗಸರಿಗೂ ಸಮ ಮಾಡಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. 2023ರ ಮಾರ್ಚ್ 4ರಂದು ಮಹಿಳಾ ಪ್ರೀಮಿಯರ್ ಲೀಗಿನ ಮೊಟ್ಟಮೊದಲ ಪಂದ್ಯ ನಡೆದದ್ದು ಇದೇ ನೆರೂಲಿನಲ್ಲಿ. ಹೊಸ ವೇಳಾಪಟ್ಟಿ ಪ್ರಕಟಿಸುವಾಗ ಐಸಿಸಿ ಅಧ್ಯಕ್ಷ ಜಯ್ ಶಾ ನವಿಮುಂಬೈಯನ್ನು ಮಹಿಳಾ ಕ್ರಿಕೆಟಿನ ತವರು ಎಂಬರ್ಥದಲ್ಲಿ ಹೊಗಳಿದ್ದಕ್ಕೆ ಆಧಾರವಿತ್ತು.

ಆದರೆ ತವರು ಎಂದಾಗ ಕನ್ನಡದವರಿಗೆ ಇನ್ನೊಂದು ನೆನಪು ಬರಬೇಕು. ಫೈನಲ್ಲಿನ ಹಿಂದಿನ ದಿನ ರಾಜ್ಯೋತ್ಸವ. ಭುವನೇಶ್ವರಿಯ ಪಟಕ್ಕೆ ಹೂ ಏರಿಸಿ, ಉಪ್ಪಿಟ್ಟು ತಿನ್ನುತ್ತ ಕೂತಿದ್ದಾಗ ಹಿರಿಯರೊಬ್ಬರು, ‘ಈ ತಂಡದಲ್ಲಿ ನಮ್ಮವರು ಯಾರಿದ್ದಾರೆ?’ ಎಂದು ಕೇಳಿದರು. ಕರ್ನಾಟಕದ ಪರ ಆಡುವವರು ಒಬ್ಬರೂ ಇರಲಿಲ್ಲ. 2017ರ ಲಾರ್ಡ್ಸ್ ಫೈನಲ್ಲಿನಲ್ಲಿ ಒಂಬತ್ತು ರನ್ನಿನಿಂದ ಸೋತ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇದ್ದರು. ಅದಕ್ಕೂ ಹಿಂದೆ ಹೋದರೆ ಮೊದಲ ಹೆಸರೇ ನಮ್ಮದು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ವೆಸ್ಟ್ ಇಂಡೀಸ್ ವಿರುದ್ಧ, ಬೆಂಗಳೂರಿನಲ್ಲಿ. ನಾಯಕಿ ಶಾಂತಾ ರಂಗಸ್ವಾಮಿ. ಅಲ್ಲಿಂದ ಸರಿಯಾಗಿ ನಲವತ್ತೊಂಬತ್ತು ವರ್ಷ ಎರಡು ದಿನದ ಮೇಲೆ ವಿಶ್ವಕಪ್ ಕೈಗೆ ಬಂತು. ದಾರಿ ಶುರುವಾದ ಊರಿನಲ್ಲೇ ಅದು ಮುಗಿಯಬಹುದಿತ್ತು. ತಮ್ಮನ ಸಂಕಟ ಬರೀ ಟಿಕೆಟ್ಟಿನದಲ್ಲ ಎಂದು ಅಂದು ನನಗೆ ಅರ್ಥವಾಯಿತು.

ಲೆಕ್ಕದ ಪುಸ್ತಕ ತೆರೆದರೆ

ಈಗ ಹಣದ ಮಾತು. ದೊಡ್ಡ ಕ್ರೀಡಾಕೂಟ ಬಂದಾಗಲೆಲ್ಲ ಊರಿನ ಆರ್ಥಿಕತೆಗೆ ಇಷ್ಟು ಕೋಟಿ ಲಾಭ ಎಂಬ ಅಂಕಿ ಓಡಾಡುತ್ತದೆ. ಆ ಅಂಕಿಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಕಾರಣಕ್ಕೆ ನನ್ನ ಮನೆಯ ಉದಾಹರಣೆಯೇ ಸಾಕು. ಭಾವುಬೀಜದ ದಿನ ನಾವಿಬ್ಬರೂ ಖರ್ಚು ಮಾಡಿದ್ದು ಸುಮಾರು 1,900 ರೂಪಾಯಿ. ಟಿಕೆಟ್ ಅದರಲ್ಲಿ ಸಣ್ಣ ಬಾಬ್ತು. ಲೀಗ್ ಪಂದ್ಯಗಳ ಟಿಕೆಟ್ ನೂರು ರೂಪಾಯಿಯಿಂದಲೇ ಶುರುವಾಗಿತ್ತು, ಅದು ಒಳ್ಳೆಯ ನಿರ್ಧಾರ. ಉಳಿದದ್ದು ಮಗಳ ಜೆರ್ಸಿ, ತಿಂಡಿ, ರಿಕ್ಷಾ. ಆ ದುಡ್ಡು ನೆರೂಲಿನಲ್ಲಿ ಖರ್ಚಾಗದಿದ್ದರೆ ಡೊಂಬಿವಲಿಯ ಫಡ್ಕೆ ರೋಡಿನಲ್ಲಿ ಖರ್ಚಾಗುತ್ತಿತ್ತು. ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದದ್ದನ್ನು ಹೊಸ ಆದಾಯ ಎನ್ನಲಾಗದು. ಹೊರಗಿನಿಂದ ಬಂದು ಹೋಟೆಲಿನಲ್ಲಿ ಉಳಿದವರ ದುಡ್ಡು ಮಾತ್ರ ಊರಿಗೆ ನಿಜವಾದ ಜಮೆ.

ನವಿಮುಂಬೈಯ ಲೆಕ್ಕ ಸುಳ್ಳಾಗದಿರುವುದಕ್ಕೆ ಬೇರೆ ಕಾರಣವಿದೆ. ಈ ವಿಶ್ವಕಪ್ಪಿಗಾಗಿ ಇಲ್ಲಿ ಹೊಸ ಕ್ರೀಡಾಂಗಣ ಕಟ್ಟಲಿಲ್ಲ. ಡಿ.ವೈ. ಪಾಟೀಲ್ ಕ್ರೀಡಾಂಗಣ 2008ರಿಂದ ಇದೆ. ಮೊದಲ ಐಪಿಎಲ್ ಫೈನಲ್ ನಡೆದದ್ದು ಇಲ್ಲೇ. 2017ರಲ್ಲಿ ಫಿಫಾ 17 ವರ್ಷದೊಳಗಿನವರ ವಿಶ್ವಕಪ್ಪಿನ ಸ್ಪೇನ್–ಮಾಲಿ ಸೆಮಿಫೈನಲ್, 2022ರಲ್ಲಿ ಬಾಲಕಿಯರ ವಿಶ್ವಕಪ್ಪಿನ ಫೈನಲ್, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಸಂಗೀತ. ಇದ್ದ ಕಟ್ಟಡವನ್ನೇ ಮತ್ತೆ ಮತ್ತೆ ದುಡಿಸಿಕೊಂಡರೆ ಖರ್ಚು ಹಗುರಾಗುತ್ತದೆ.

ಇದರ ಉಲ್ಟಾ ಉದಾಹರಣೆಗಳಿಗೆ ಜಗತ್ತಿನಲ್ಲಿ ಬರವಿಲ್ಲ. ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿನ ಸಾಲ ತೀರಿಸಿ ಮುಗಿಸಿದ್ದು 2006ರಲ್ಲಿ. ಅಥೆನ್ಸಿನಲ್ಲಿ 2004ಕ್ಕೆ ಕಟ್ಟಿದ ಎಷ್ಟೋ ಅಂಗಳಗಳು ಹುಲ್ಲು ಬೆಳೆದು ಪಾಳುಬಿದ್ದವು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಖರ್ಚು ಮಹಾಲೇಖಪಾಲರ ವರದಿಗೇ ವಿಷಯವಾಯಿತು. ನಮ್ಮ ರಾಜ್ಯದ ಉದಾಹರಣೆ ಅಷ್ಟು ಕಹಿಯಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರಿಗೆ ಕಂಠೀರವದ ಹೊಸ ರೂಪವನ್ನೂ ಕೋರಮಂಗಲದಲ್ಲಿ ಒಂದು ವಸತಿ ಬಡಾವಣೆಯನ್ನೂ ಬಿಟ್ಟುಹೋಯಿತು. ಆಟ ಮುಗಿದ ಮೇಲೆ ಜನ ವಾಸವಿದ್ದರು ಎಂಬುದೇ ದೊಡ್ಡ ಮಾತು.

ಈ ಸಲದ ನಿಜವಾದ ಹಣದ ಹರಿವು ಬೇರೆ ಕಡೆ ಇದೆ. ಐಸಿಸಿ ಒಟ್ಟು ಬಹುಮಾನವನ್ನು 1.388 ಕೋಟಿ ಡಾಲರಿಗೆ ಏರಿಸಿತು. ಅದು 2023ರ ಗಂಡಸರ ವಿಶ್ವಕಪ್ಪಿನ ಒಂದು ಕೋಟಿ ಡಾಲರಿಗಿಂತ ಹೆಚ್ಚು. ಗೆದ್ದ ತಂಡಕ್ಕೆ ಬಿಸಿಸಿಐ 51 ಕೋಟಿ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ಸರಕಾರ ಸ್ಮೃತಿ, ಜೆಮಿಮಾ, ರಾಧಾ ಯಾದವ್ ಮೂವರಿಗೂ ತಲಾ 2.25 ಕೋಟಿ ಕೊಟ್ಟಿತು. ಫೈನಲ್ಲನ್ನು ಮೊಬೈಲಿನಲ್ಲಿ, ಟಿವಿಯಲ್ಲಿ ನೋಡಿದವರು 18.5 ಕೋಟಿ ಎಂದು ಡಿಜಿಟಲ್ ಪ್ರಸಾರಕರು ಹೇಳಿಕೊಂಡಿದ್ದಾರೆ. ಇಷ್ಟು ಕಣ್ಣು ಇದ್ದಲ್ಲಿಗೆ ಜಾಹೀರಾತು ಬಂದೇ ಬರುತ್ತದೆ. ಆದರೆ ಈ ಹಣ ಮೇಲಿನ ಹದಿನೈದು ಜನರಲ್ಲಿ ನಿಲ್ಲುತ್ತದೋ, ಕೆಳಗಿನ ಮೈದಾನಕ್ಕೆ ಇಳಿಯುತ್ತದೋ? ನನ್ನ ಲೆಕ್ಕ ಮುಟ್ಟಬೇಕಾದದ್ದು ಅಲ್ಲಿಗೆ.

ಜೂನ್ 4 ಮತ್ತು ಜೂನ್ 9

ಅದಕ್ಕೆ ಮೊದಲು ಜನಸಂದಣಿಯ ಮಾತು ಮುಗಿಸಬೇಕು. ವಿಶ್ವಕಪ್ಪಿನ ದಿನಗಳಲ್ಲಿ ನನ್ನ ಮರಾಠಿ ಸಹೋದ್ಯೋಗಿಯೊಬ್ಬರು ಹೇಳಿದರು: ‘ನಿಮ್ಮ ಬೆಂಗಳೂರಿಗೆ ಜನರನ್ನು ಸಂಭಾಳಿಸಲು ಬರುವುದಿಲ್ಲ, ನಮಗೆ ಅಭ್ಯಾಸವಿದೆ.’ ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ನಾನು ಸುಮ್ಮನಿರಲಿಲ್ಲ. ಜೂನ್ 9ನ್ನು ನೆನಪಿಸಿದೆ.

ಚಿನ್ನಸ್ವಾಮಿ ದುರಂತ ನಡೆದು ಐದೇ ದಿನ. ಸೋಮವಾರ ಬೆಳಿಗ್ಗೆ, ದಿವಾ–ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದವರು ಹಳಿಯ ಮೇಲೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಅದು ನನ್ನ ದಾರಿ. ಆ ಹೊತ್ತಿಗೆ ನಾನು ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಮೂರನೇ ರೈಲನ್ನೂ ಹತ್ತಲಾಗದೆ ಬಿಟ್ಟು ನಿಂತಿದ್ದೆ. ಅವರು ಯಾವ ಕಪ್ಪನ್ನೂ ನೋಡಲು ಹೊರಟವರಲ್ಲ, ಕೆಲಸಕ್ಕೆ ಹೊರಟವರು. ಮುಂಬೈ ಉಪನಗರ ರೈಲ್ವೆಯಲ್ಲಿ ಹಳಿ ದಾಟುವಾಗ, ಬೋಗಿಯಿಂದ ಬಿದ್ದು, ಇತರ ಕಾರಣಗಳಿಂದ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಮೇಲೆ 23 ಜನ ಕಾಲ್ತುಳಿತಕ್ಕೆ ಸಿಕ್ಕದ್ದೂ ಕಚೇರಿಗೆ ಹೋಗುವ ಹೊತ್ತಿನಲ್ಲೇ. ನಮಗೆ ಜನಸಂದಣಿಯ ಅಭ್ಯಾಸವಿದೆ ಎಂಬುದು ನಿಜ. ಜನಸಂದಣಿಯಲ್ಲಿ ಸಾಯುವ ಅಭ್ಯಾಸವೂ ಆಗಿಬಿಟ್ಟಿದೆ ಎಂಬುದನ್ನು ಜೊತೆಗೆ ಹೇಳಬೇಕು.

ನೆರೂಲಿನಲ್ಲಿ ಅಂದು ನಾನು ಕಂಡದ್ದು ಬೇರೆ. ಹೆದ್ದಾರಿಯ ಪಕ್ಕದಿಂದಲೇ ಸಾಲುಗಳನ್ನು ಬೇರ್ಪಡಿಸಿದ್ದರು. ಟಿಕೆಟ್ ಇಲ್ಲದವರು ಗೇಟಿನ ಹತ್ತಿರ ಸುಳಿಯದಂತೆ ದೂರದಲ್ಲೇ ತಪಾಸಣೆ ಇತ್ತು. ಯಾವ ಟಿಕೆಟ್ಟಿಗೆ ಯಾವ ದಾರಿ ಎಂದು ಫಲಕ. ಮಹಿಳಾ ಪೊಲೀಸರು ಕಾಣುವ ಜಾಗದಲ್ಲಿ ನಿಂತಿದ್ದರು. ಇದರಲ್ಲಿ ಮಾಯಾಮಂತ್ರವೇನೂ ಇಲ್ಲ. ಎಷ್ಟು ಜನ ಬರುತ್ತಾರೆ ಎಂದು ಮೊದಲೇ ಎಣಿಸಿದ್ದರು, ಅಷ್ಟೇ. ಬೆಂಗಳೂರಿನಲ್ಲಿ ಜೂನ್ 4ರಂದು ಆಗದೆ ಹೋದದ್ದು ಈ ಎಣಿಕೆ. ಥಾಣೆ–ಡೊಂಬಿವಲಿ ನಡುವೆ ಪ್ರತಿ ಬೆಳಿಗ್ಗೆ ಆಗದೆ ಹೋಗುವುದೂ ಇದೇ ಎಣಿಕೆ. ಟಿಕೆಟ್ ಕೊಂಡು ಆಟ ನೋಡಲು ಬರುವ ನನ್ನನ್ನು ಒಂದು ಸಂಜೆಗೆ ಇಷ್ಟು ಜೋಪಾನ ಮಾಡಬಲ್ಲ ಊರು, ಪಾಸ್ ತೆಗೆಸಿ ಕೆಲಸಕ್ಕೆ ಹೋಗುವ ಅದೇ ನನ್ನನ್ನು ವರ್ಷಪೂರ್ತಿ ಏಕೆ ಹಾಗೆ ಕಾಣುವುದಿಲ್ಲ?

ಒಂದು ಉದಾಹರಣೆ ಕೊಡುತ್ತೇನೆ. ಕಲ್ಯಾಣ, ಡೊಂಬಿವಲಿ, ಅಂಬರನಾಥ ಕಡೆಯಿಂದ ನವಿಮುಂಬೈಗೆ ಹೋಗುವವರೆಲ್ಲ ಇಂದಿಗೂ ಥಾಣೆಯಲ್ಲೇ ಇಳಿದು ಗಾಡಿ ಬದಲಿಸಬೇಕು. ಥಾಣೆಯ ನೂಕುನುಗ್ಗಲಿಗೆ ಅದೂ ಒಂದು ಕಾರಣ. ಕಳವಾದಿಂದ ನೇರ ಐರೋಲಿಗೆ ಎತ್ತರದ ಹಳಿ ಹಾಕುವ ಯೋಜನೆಗೆ 2016ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದರ ಭಾಗವಾದ ದಿಘಾ ಗಾಂವ್ ನಿಲ್ದಾಣ 2024ರ ಜನವರಿಯಲ್ಲಿ ತೆರೆಯಿತು. ಹಳಿಯ ಜೋಡಣೆ ಮಾತ್ರ ಪುನರ್ವಸತಿಯ ತೊಡಕಿನಲ್ಲಿ ನಿಂತಿದೆ. ಈ ಒಂಬತ್ತು ವರ್ಷದಲ್ಲಿ ನೆರೂಲಿಗೆ ಮೂರು ವಿಶ್ವಕಪ್ ಬಂದುಹೋದವು: ಹುಡುಗರ ಫುಟ್ಬಾಲ್, ಹುಡುಗಿಯರ ಫುಟ್ಬಾಲ್, ಈಗ ಮಹಿಳೆಯರ ಕ್ರಿಕೆಟ್. ಪ್ರತಿ ಸಲವೂ ಗೋಡೆಗೆ ಬಣ್ಣ ಬಂತು. ಆ ಹಳಿ ಬರಲಿಲ್ಲ.

ಭಾವುಬೀಜದ ರಾತ್ರಿ ನಾವು ನ್ಯೂಜಿಲೆಂಡ್ ಇನಿಂಗ್ಸಿನ ಕೊನೆಯ ಹತ್ತು ಓವರ್ ನೋಡದೆ ಎದ್ದುಬಂದೆವು. ಮಳೆಯಿಂದ ಆಟ ತಡವಾಗಿತ್ತು. ಥಾಣೆಯಲ್ಲಿ ಗಾಡಿ ಬದಲಿಸಿ, ಡೊಂಬಿವಲಿ ಮುಟ್ಟಿ, ರಿಕ್ಷಾ ಹಿಡಿದು ಮನೆ ಸೇರುವ ಲೆಕ್ಕ ಹಾಕಿದರೆ ಅದಕ್ಕಿಂತ ತಡ ಮಾಡುವ ಧೈರ್ಯ ನನಗಿರಲಿಲ್ಲ. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಫೈನಲ್ಲಿನ ರಾತ್ರಿ ಆಟ ಮುಗಿದದ್ದು ಹನ್ನೆರಡರ ಹೊತ್ತಿಗೆ. ಮಹಿಳೆಯರ ಆಟವನ್ನು ಮಹಿಳೆಯರು ಕೊನೆಯ ಚೆಂಡಿನವರೆಗೆ ಕೂತು ನೋಡಬೇಕಾದರೆ ಕ್ರೀಡಾಂಗಣ ಚೆನ್ನಾಗಿದ್ದರೆ ಸಾಲದು. ಮನೆಯ ಬಾಗಿಲವರೆಗಿನ ದಾರಿಯೂ ಆ ಆಟದ ಭಾಗವೇ.

ಮೈದಾನವೆಲ್ಲಿದೆ?

ಇನ್ನು ಕೆಳಗಿನ ಮೈದಾನ. ಅಜಿಂಕ್ಯ ರಹಾನೆ ಬೆಳೆದದ್ದು ನಮ್ಮ ಡೊಂಬಿವಲಿಯಲ್ಲಿ, ಮ್ಯಾಟಿಂಗ್ ಪಿಚ್ ಮೇಲೆ. ಕಿಟ್ ಚೀಲ ಹೊತ್ತು ತಾಯಿಯ ಜೊತೆ ನಡೆದುಹೋಗುತ್ತಿದ್ದುದನ್ನು ಅವರೇ ನೆನೆದಿದ್ದಾರೆ. ಕಲ್ಯಾಣದ ರಿಕ್ಷಾ ಚಾಲಕರ ಮಗ ಪ್ರಣವ್ ಧನಾವಡೆ 2016ರ ಜನವರಿಯಲ್ಲಿ ಶಾಲಾ ಪಂದ್ಯವೊಂದರಲ್ಲಿ ಔಟಾಗದೆ 1009 ಹೊಡೆದು ಜಗತ್ತಿನ ಪತ್ರಿಕೆಗಳಲ್ಲಿ ಬಂದ. ಅದೇ ವರ್ಷದ ಕೊನೆಗೆ ಕಲ್ಯಾಣದ ಮೈದಾನವೊಂದರಲ್ಲಿ ಸಚಿವರೊಬ್ಬರ ಹೆಲಿಕಾಪ್ಟರ್ ಇಳಿಯಬೇಕೆಂದು ಆಡುತ್ತಿದ್ದವರನ್ನು ತೆರವು ಮಾಡಲು ಹೋದಾಗ ಜಗಳವಾಗಿ, ಪೊಲೀಸರು ಅವನನ್ನು ಠಾಣೆಗೆ ಕರೆದೊಯ್ದದ್ದೂ ಸುದ್ದಿಯಾಯಿತು. ಮೈದಾನದ ಬಗ್ಗೆ ನಮ್ಮ ಊರುಗಳ ಧೋರಣೆ ಈ ಎರಡು ಸುದ್ದಿಗಳ ನಡುವೆ ಇದೆ.

ನನ್ನ ಮಗಳು ಆಡುವ ಮೈದಾನ ಮನೆಯಿಂದ ಹದಿನೈದು ನಿಮಿಷ. ಮೂವತ್ತೆಂಟು ಹುಡುಗರು, ನಾಲ್ಕು ಹುಡುಗಿಯರು. ನವೆಂಬರಿನಿಂದ ಫೆಬ್ರವರಿವರೆಗೆ ವಾರದಲ್ಲಿ ಎರಡು ಮೂರು ದಿನ ಅಲ್ಲಿ ಮದುವೆ, ಇಲ್ಲವೇ ಮಾರಾಟ ಮೇಳ. ಕಂಬ ನೆಟ್ಟ ಗುಂಡಿಗಳಲ್ಲಿ ಕಾಲು ಉಳುಕುತ್ತದೆ. ಹುಡುಗಿಯರಿಗೆ ಬಟ್ಟೆ ಬದಲಿಸಲು ಜಾಗವಿಲ್ಲ. ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ತಿರ ಎಂದು ಮೂರು ಕಡೆ ಕೇಳಿದ್ದೇನೆ. ನಾಲ್ಕು ಹುಡುಗಿಯರಲ್ಲಿ ಒಬ್ಬಳು ಈ ಜುಲೈನಲ್ಲಿ ಬಿಟ್ಟಳು. ‘ಆಟ ಬೇಸರವಾಯಿತೇ?’ ಎಂದು ಅವಳ ತಾಯಿಯನ್ನು ಕೇಳಿದೆ. ‘ಮೂರು ತಾಸು ನೀರು ಕುಡಿಯದೆ ಆಡುತ್ತಾಳೆ. ಡಾಕ್ಟರು ಬೈದರು’ ಎಂದರು.

ಫೈನಲ್ಲಿನ ಮರುವಾರ ಅದೇ ಮೈದಾನಕ್ಕೆ ಹೊಸದಾಗಿ ಹನ್ನೊಂದು ಹುಡುಗಿಯರು ಹೆಸರು ಬರೆಸಿದರು. ಇದು ವಿಶ್ವಕಪ್ಪಿನ ಪರಿಣಾಮ, ನನ್ನ ಕಣ್ಣೆದುರಿನದು. ಬೀಗ ಮಾತ್ರ ಹಾಗೇ ಇದೆ. ಆ ಬೀಗ ತೆಗೆಯದಿದ್ದರೆ ಮುಂದಿನ ಜುಲೈಗೆ ಎಷ್ಟು ಜನ ಉಳಿದಾರು ಎಂಬುದನ್ನು ಹೇಳಲು ಲೆಕ್ಕಿಗಳೇ ಆಗಬೇಕಿಲ್ಲ. 51 ಕೋಟಿಯ ಸುದ್ದಿ ಕನಸು ಹಚ್ಚುತ್ತದೆ. ಅದನ್ನು ಉಳಿಸುವುದು ಒಂದು ಕೀಲಿ, ಒಂದು ಬಕೆಟ್ ನೀರು, ಒಂದು ದೀಪದ ಕಂಬ.

2017ರ ಫುಟ್ಬಾಲ್ ವಿಶ್ವಕಪ್ಪಿಗಾಗಿ ನವಿಮುಂಬೈ ಪಾಲಿಕೆ ನೆರೂಲಿನ ಯಶವಂತರಾವ್ ಚವಾಣ್ ಮೈದಾನವನ್ನು ತಂಡಗಳ ಅಭ್ಯಾಸಕ್ಕೆಂದು ಸಜ್ಜುಗೊಳಿಸಿತ್ತು. ಒಂದು ಕೂಟ ತನ್ನ ಹಿಂದೆ ಒಂದು ಮೈದಾನ ಬಿಟ್ಟುಹೋಗಬಹುದು ಎಂಬುದಕ್ಕೆ ಅದು ಸಾಕ್ಷಿ. ಥಾಣೆ, ಕಲ್ಯಾಣ–ಡೊಂಬಿವಲಿಗಳಿಗೆ ಅಂಥದ್ದು ಒಂದೊಂದು ದಕ್ಕಿದ್ದರೆ ಸಾಕಿತ್ತು.

ಮುಂದೆ ಬರುವ ಕೂಟಗಳಿಗೆ

ಭಾರತ ಈಗ ದೊಡ್ಡ ಕೂಟಗಳ ಸರದಿಯಲ್ಲಿ ನಿಂತಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಹಮದಾಬಾದ್ ಹೆಸರು ಶಿಫಾರಸಾಗಿ, 2025ರ ನವೆಂಬರ್ ಕೊನೆಗೆ ಗ್ಲಾಸ್ಗೋದ ಸಭೆಯಲ್ಲಿ ಅದಕ್ಕೆ ಮುದ್ರೆ ಬಿದ್ದಿದೆ. 2036ರ ಒಲಿಂಪಿಕ್ಸಿಗೆ ದೇಶ ಆಸಕ್ತಿ ತಿಳಿಸಿ ಪತ್ರ ಬರೆದಾಗಿದೆ. ಬೆಂಗಳೂರು ಕೂಡ ಇಂದಲ್ಲ ನಾಳೆ ಚಿನ್ನಸ್ವಾಮಿಯನ್ನು ಸರಿಪಡಿಸಿಕೊಂಡೋ, ಹೊಸದನ್ನು ಕಟ್ಟಿಕೊಂಡೋ ಆಟಕ್ಕೆ ಮರಳುತ್ತದೆ. ಮರಳಲೇಬೇಕು. ಜನಸಂದಣಿ ನಿಯಂತ್ರಣಕ್ಕೆಂದು ಸರಕಾರ ಮಸೂದೆಯನ್ನೂ ಮಂಡಿಸಿದೆ. ಸಂಘಟಕರನ್ನು ಜೈಲಿಗೆ ಹಾಕುವ ಕಲಮು ಎಷ್ಟು ಗಟ್ಟಿ ಎಂಬ ಚರ್ಚೆಗಿಂತ, ಗೇಟಿನ ಅಗಲ ಎಷ್ಟು, ನಿಲ್ದಾಣದಿಂದ ಗೇಟಿಗೆ ಎಷ್ಟು ದಾರಿ, ಜನ ಹೆಚ್ಚಾದರೆ ಎಲ್ಲಿ ತಡೆಯುವುದು ಎಂಬ ಚರ್ಚೆ ಕರ್ನಾಟಕದಲ್ಲಿ ಹೆಚ್ಚು ನಡೆಯಲಿ ಎಂಬುದು ಹೊರಗಿರುವ ಕನ್ನಡಿಗಳ ಬೇಡಿಕೆ.

ಕೂಟ ಬರುವ ಮೊದಲು ‘ಎಷ್ಟು ಕೋಟಿ ಬರುತ್ತದೆ’ ಎಂದು ಕೇಳುವುದನ್ನು ಬಿಟ್ಟು ಬೇರೆ ಮೂರು ಪ್ರಶ್ನೆ ಕೇಳೋಣ. ಕೂಟ ಮುಗಿದ ಸೋಮವಾರ ನಮ್ಮ ರೈಲು, ಬಸ್ಸು ಮೊದಲಿಗಿಂತ ಸುರಕ್ಷಿತವಾಗಿರುತ್ತದೆಯೇ? ಮಕ್ಕಳಿಗೆ ಒಂದು ಮೈದಾನ ಹೆಚ್ಚಾಗಿರುತ್ತದೆಯೇ? ರಾತ್ರಿ ಹನ್ನೆರಡಕ್ಕೆ ಒಬ್ಬ ಹೆಣ್ಣುಮಗಳು ಆಟ ನೋಡಿ ಒಬ್ಬಳೇ ಮನೆ ಸೇರಬಲ್ಲಳೇ? ಮೂರಕ್ಕೂ ಹೌದು ಎನ್ನುವ ಊರು ಯಾವುದೋ, ಮುಂದಿನ ವಿಶ್ವಕಪ್ ಅದರದ್ದಾಗಲಿ.

ನವೆಂಬರ್ 3, ಸೋಮವಾರ. ಬೆಳಗಿನ ಥಾಣೆ ಲೋಕಲ್. ಎಲ್ಲರ ಮೊಬೈಲಿನಲ್ಲೂ ಹರ್ಮನ್ ಹಿಡಿದ ಕ್ಯಾಚು, ಕಪ್ಪನ್ನು ಮಿತಾಲಿ, ಝೂಲನ್, ಅಂಜುಂ ಅವರ ಕೈಗೆ ಕೊಟ್ಟ ದೃಶ್ಯ. ಮುಂಬ್ರಾದ ತಿರುವು ಬಂದಾಗ ಬಾಗಿಲಲ್ಲಿದ್ದ ಹುಡುಗಿಯೊಬ್ಬಳು ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಕಂಬ ಹಿಡಿದಳು. ನಾನು ಅವಳ ದುಪಟ್ಟಾ ಹಿಡಿದುಕೊಂಡೆ. ತಿರುವು ದಾಟಿದ ಮೇಲೆ ಇಬ್ಬರೂ ನಕ್ಕೆವು. ಅವಳು ಮತ್ತೆ ಆ ಕ್ಯಾಚನ್ನು ಮೊದಲಿನಿಂದ ಹಚ್ಚಿದಳು.